ರಂಗೂಬಾಯಿಗೆ ಹಿಡಿಸಿದ ಮೌನ

ಪುಣೆಯ ಶನಿವಾರ ಪೇಠೆಯಲ್ಲಿ ಒಂದು ವಾಡೆ. ನಡುವೆ ಕಲ್ಲು ಹಾಸಿದ ಅಂಗಳ, ಅಂಗಳಕ್ಕೊಂದು ನಲ್ಲಿ, ಸುತ್ತ ಬಾಡಿಗೆಯ ಬಿಡಾರಗಳು. ಬೋಲಪಟಗಳು, ಅಂದರೆ ಮಾತಾಡುವ ಸಿನಿಮಾಗಳು, ಹೊಸದಾಗಿ ಬಂದು, ನಾಟಕ ಕಂಪನಿಯವರು ತಲೆಯ ಮೇಲೆ ಕೈ ಹೊತ್ತು ಕೂತಿದ್ದ ಕಾಲ ಅದು. ಆ ವಾಡೆಯ ಮೂಲೆಯ ಬಿಡಾರದಲ್ಲಿ ರಂಗೂಬಾಯಿ ಎಂಬವಳಿದ್ದಳು. ಕಥೆ ಹೇಳುವಂಥದು ಅವಳಲ್ಲಿ ಏನಿತ್ತಪ್ಪಾ ಎಂದರೆ, ಮಾತಿತ್ತು.

ತವರು ನವಲಗುಂದ. ಅಲ್ಲಿ ಅವಳು ನೀರಿಗೆ ಹೋದರೆ ಕೊಡ ತುಂಬಿ ಚೆಲ್ಲುವುದು ಅವಳಿಗೂ ತಿಳಿಯುತ್ತಿರಲಿಲ್ಲ, ಜೊತೆಗಿದ್ದವರಿಗೂ ತಿಳಿಯುತ್ತಿರಲಿಲ್ಲ. "ಈ ಹುಡಿಗಿ ಗುಡಿಗೆ ಹೋದ್ರ ಕಲ್ಲಿನ ಬಸವಣ್ಣನ ಕೂಡಾನೂ ನಾಕು ಮಾತಾಡಿ ಬರ್ತಾಳ" ಎಂದು ಅವಳಪ್ಪ ನಗುತ್ತಿದ್ದನಂತೆ. ಲಗ್ನವಾಗಿ ಪುಣೆಗೆ ಬಂದಳು. ಗಂಡ ಕೃಷ್ಣಾಜಿ ಸರಕಾರಿ ಕಚೇರಿಯಲ್ಲಿ ಕಾರಕೂನ. ಅವನ ತಂದೆಯ ಕಾಲಕ್ಕೇ ಧಾರವಾಡ ಬಿಟ್ಟು ಬಂದ ಮನೆತನ. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ಮರಾಠಿ. ರಂಗೂಬಾಯಿಗೆ ಮರಾಠಿ ತಿಳಿಯುತ್ತಿತ್ತು, ಆಡಲು ಹೋದರೆ ಮಾತ್ರ ನಲ್ಲಿಯ ಹತ್ತಿರ ಹೆಂಗಸರು ಸೆರಗು ಬಾಯಿಗಿಟ್ಟುಕೊಳ್ಳುತ್ತಿದ್ದರು. ಹಾಗಾಗಿ ಅಂಗಳದಲ್ಲಿ ಅವಳು ಸುಮ್ಮನೆ ಕೊಡ ತುಂಬುವಳು, ಒಳಗೆ ಬಂದು ಆ ಮಾತನ್ನೆಲ್ಲ ಸುರಿಯುವಳು. ಒಬ್ಬಳೇ ಮಗಳು ಶಾಮಲಾ. ಅವಳು ತಾಯಿಯನ್ನು ಒಳಗೆ 'ಅವ್ವಾ' ಎನ್ನುತ್ತಿದ್ದಳು, ಅಂಗಳದಲ್ಲಿ 'ಆಯಿ' ಎನ್ನುತ್ತಿದ್ದಳು. ದಿನ ಹೋದಂತೆ ಒಳಗೂ ಆಯಿ ಎನ್ನತೊಡಗಿದಳು. ತಾಯಿ ಕನ್ನಡದಲ್ಲಿ ಕೇಳಿದರೆ ಮಗಳು ಮರಾಠಿಯಲ್ಲಿ ಉತ್ತರ ಕೊಡುತ್ತಿದ್ದಳು.

ಒಂದು ಶ್ರಾವಣದ ರವಿವಾರ. ಕೃಷ್ಣಾಜಿಯ ಅಕ್ಕ ಅಂಬಾ, ತಮ್ಮ ಮಾರ್ತಾಂಡ ಇಬ್ಬರೂ ಊಟಕ್ಕೆ ಬಂದಿದ್ದರು. ಗಂಡಸರ ಊಟ ಮುಗಿದು ಎಲೆ ಅಡಿಕೆ ನಡೆದಿತ್ತು. ಅಡಿಗೆಮನೆಯಲ್ಲಿ ಅಂಬಕ್ಕ, ರಂಗೂಬಾಯಿ ಎದುರು ಬದುರು ಎಲೆ ಹಾಕಿಕೊಂಡು ಕೂತಿದ್ದರು. ಚಾತುರ್ಮಾಸದಲ್ಲಿ ರಂಗೂಬಾಯಿ ಊಟದ ಮೌನ ಹಿಡಿಯುತ್ತಿದ್ದಳು. ಉಣ್ಣಲು ಕೂತರೆ ಕೈ ತೊಳೆಯುವವರೆಗೆ ಮಾತಿಲ್ಲ. ಬಾಯಿ ತಪ್ಪಿ ಒಂದು ಮಾತು ಬಂದರೆ ಎಲೆ ಬಿಟ್ಟು ಏಳಬೇಕು, ಆ ದಿನ ಉಪವಾಸ. ಅಂಬಕ್ಕನಿಗೆ ಅಂಥ ವ್ರತವಿರಲಿಲ್ಲ. ಅವಳು ಉಣ್ಣುತ್ತಲೂ ಇದ್ದಳು, ಪಡಸಾಲೆಯವರೊಡನೆ ಮಾತಾಡುತ್ತಲೂ ಇದ್ದಳು.

ಮಾರ್ತಾಂಡ ತನ್ನ ಗ್ರಾಮೋಫೋನನ್ನು ಹೊತ್ತು ತಂದಿದ್ದ. ಕೀಲಿ ಕೊಟ್ಟು, ಮಾಸ್ತರ ಮಧುಕರ ಎಂಬ ನಾಟಕದ ಗಾಯಕನ ಪ್ಲೇಟು ಹಾಕಿದ.

"ಆ ತಾನ ಕೇಳ್ರಿ! ಈ ಪುಣೆದ ಮುಠಾ ಹೊಳಿ ನೀರು ಕುಡದವರಿಗೆ ಇಂಥಾ ಗಂಟಲಾ ಬರ್ತದೇನು? ಇದು ಮಲಪ್ರಭಾ ನೀರು. ನಮ್ಮಂವ!"

"ಎಲ್ಲೀ ನಮ್ಮಂವೋ?" ಎಂದಳು ಅಂಬಕ್ಕ ಒಳಗಿನಿಂದ. "ಗ್ವಾಡಿ ಮ್ಯಾಲೆ ಹಚ್ಚಿದ ಕಾಗದದಾಗ ಮಾಸ್ತರ ಮಧುಕರ ಅಂತ ಅದ. ಹೆಸರು ಮರಾಠಿ, ನಾಟಕಾ ಮರಾಠಿ, ಹಾಡೋದು ಮರಾಠಿ. ನಿನ್ನಂವ ಹ್ಯಾಂಗಾದ?"

"ಅವರವ್ವ ಇಟ್ಟ ಹೆಸರು ಮಲಕಪ್ಪ ಅಕ್ಕಾ, ನರಗುಂದದ ಮಲಕಪ್ಪ. ಕಂಪನಿ ಮಾಲಕ ಅಂದನಂತ, ಮಲಕಪ್ಪ ರಾಣಿ ಪಾರ್ಟ್ ಮಾಡ್ತಾನ ಅಂತ ಬರದ್ರ ಟಿಕೀಟ ಯಾರಪ್ಪ ತಗೋತಾರ ಅಂತ."

"ಮಲಕಪ್ಪ ಇರಲಿ ಮಧುಕರ ಇರಲಿ," ಎಂದ ಕೃಷ್ಣಾಜಿ, "ಸೀರಿ ಮಾತ್ರ ನಿನ್ನ ವೈನಿಗಿಂತ ಛಲೋ ಉಡ್ತಾನ ನೋಡು."

ಮಾರ್ತಾಂಡ ಅತ್ತಿಗೆ ಕೂತಿದ್ದ ಅಡಿಗೆಮನೆಯ ಬಾಗಿಲತ್ತ ಬಗ್ಗಿ, "ವೈನೀ, ಕೇಳಿದ್ರ್ಯಾ? ಮೌನ ಬಿಟ್ಟು ಬೈರಿ ಅವಗ! ಉಪವಾಸ ಬಿದ್ರೂ ಅಡ್ಡಿಯಿಲ್ಲ, ನಾ ಬಾಳೆಹಣ್ಣು ತಂದು ಕೊಡ್ತೀನಿ" ಎಂದ. ರಂಗೂಬಾಯಿ ನಕ್ಕಳು, ಕೈ ಬೀಸಿ ಬೆದರಿಸಿದಳು, ಅನ್ನಕ್ಕೆ ಸಾರು ಕಲಸಿದಳು.

"ನಮ್ಮಂವ ಅನ್ನೋದೆಲ್ಲಾ ಪ್ಲೇಟು ತಿರಗೂತನಾ ಛಂದ," ಎಂದಳು ಅಂಬಕ್ಕ. "ಗುರುವಾರ ಬಾರಾಮತಿಯವರು ಶಾಮಲಾನ್ನ ನೋಡಲಿಕ್ಕೆ ಬರ್ತಾರ. ಅವರ ಮುಂದ ನಾವು ಯಾರು? ಅದನ್ನ ಹೇಳ್ರಿ ಮೊದಲ."

ಹಿಂದಿನ ವರ್ಷ ಸದಾಶಿವ ಪೇಠೆಯ ಒಂದು ಮನೆಯವರು ಬಂದು, ಎಲ್ಲ ಕೂಡಿಬಂದ ಮೇಲೆ, "ಹುಡುಗಿ ಚೆನ್ನ, ಆದರೆ ತಾಯಿ ಕನ್ನಡದವಳು, ನಾಳೆ ಮೊಮ್ಮಕ್ಕಳನ್ನು ಜನ ಕಾನಡಿ ಎಂದು ಕರೆದಾರು" ಎಂದು ಹೇಳಿ ಕಳಿಸಿದ್ದರು. ಶಾಮಲಾ ಆವಾಗ ಎರಡು ದಿನ ಊಟ ಬಿಟ್ಟಿದ್ದಳು. ಈಗ ಬಂದ ಸಂಬಂಧ ಅದಕ್ಕಿಂತ ಒಳ್ಳೆಯದು. ಬಾರಾಮತಿಯಲ್ಲಿ ಕಾಲುವೆ ನೀರಿನ ಕಬ್ಬಿನ ಹೊಲ, ಹುಡುಗ ಪುಣೆಯಲ್ಲೇ ಅಂಚೆ ಕಚೇರಿಯಲ್ಲಿ ನೌಕರ. ಇದು ತಪ್ಪಿದರೆ ಹುಡುಗಿಯ ಹೆಸರು ಕೆಡುತ್ತದೆ ಎಂದು ಎಲ್ಲರಿಗೂ ಗೊತ್ತಿತ್ತು.

"ನಾವು ಮೂರು ತಲಿಯಿಂದ ಇಲ್ಲೇ ಇದ್ದೇವಿ, ಮನಿ ಮಾತು ಮರಾಠಿ ಅಂತ ಹೇಳೋದು," ಎಂದ ಕೃಷ್ಣಾಜಿ.

"ನೀ ಹೇಳ್ತಿ. ನಿನ್ನ ಹೇಣ್ತಿ ಬಾಯಿ ತಗದ್ಲು ಅಂದ್ರ?"

ಅಂಬಕ್ಕ ಎದುರಿಗೆ ಕೂತವಳನ್ನೊಮ್ಮೆ ನೋಡಿದಳು. "ಹೆಂಗೂ ಊಟದ ಮೌನ ಹಿಡದಾಳ. ಅದನ್ನ ಇಡೀ ದಿನದ್ದು ಅಂತ ಹೇಳಿಬಿಡೋಣ. ಒಂದು ದಿನದ ಮಾತು. ಹೌದಲ್ಲ, ರಂಗೂ?"

ರಂಗೂಬಾಯಿಯ ಕೈಯಲ್ಲಿ ತುತ್ತಿತ್ತು. ಬೇಡ ಎನ್ನಬೇಕೆಂದರೆ ಎಲೆ ಬಿಟ್ಟು ಏಳಬೇಕು. ಅವಳು ಮಗಳ ಕಡೆ ನೋಡಿದಳು. ಶಾಮಲಾ ಬಾಗಿಲಿಗೆ ಒರಗಿ ಕಾಲ ಬೆರಳಿನಿಂದ ನೆಲ ಗೀರುತ್ತ ನಿಂತಿದ್ದಳು, ಮುಖ ಎತ್ತಲಿಲ್ಲ. ರಂಗೂಬಾಯಿ ತುತ್ತನ್ನು ಬಾಯಿಗಿಟ್ಟುಕೊಂಡಳು. ಅವಳು ಕೈ ತೊಳೆದು ಬರುವ ಹೊತ್ತಿಗೆ ಮಾತು ಮುಗಿದು, ಮಾರ್ತಾಂಡ ಪ್ಲೇಟು ತಿರುವಿ ಹಾಕಿದ್ದ.

ಗುರುವಾರ ಬಂದರು. ಹುಡುಗನ ತಾಯಿ, ಚಿಕ್ಕಪ್ಪ ಅಪ್ಪಾಸಾಹೇಬ. ಮಾತೆಲ್ಲ ಮರಾಠಿಯಲ್ಲಿ ನಡೆಯಿತು, ನಾನು ನಮ್ಮ ಮಾತಿನಲ್ಲಿ ಹೇಳುತ್ತೇನೆ. ಹುಡುಗಿಯನ್ನು ನೋಡಿದರು, ಪುಸ್ತಕ ಓದಿಸಿದರು, ಅವಲಕ್ಕಿ ತಿಂದರು. ರಂಗೂಬಾಯಿ ಕೈ ಮುಗಿದು ಗೋಡೆಯ ಹತ್ತಿರ ಕೂತಳು. ಮೌನವ್ರತವೆಂದು ಕೇಳಿ ಹುಡುಗನ ತಾಯಿಗೆ ಕಣ್ಣು ತುಂಬಿ ಬಂತು.

"ನನ್ನಿಂದ ಊಟದ ಮೌನವೇ ಆಗುವುದಿಲ್ಲ. ಇವರು ಇಡೀ ದಿನ! ಎಷ್ಟು ದಿನದ ವ್ರತ?"

"ನಾಲ್ಕೂ ತಿಂಗಳು," ಎಂದುಬಿಟ್ಟಳು ಅಂಬಕ್ಕ. ಹೊಗಳಿಕೆ ಕಿವಿಗೆ ಬಿದ್ದರೆ ಅವಳಿಗೆ ನಾಲಿಗೆಯ ಮೇಲೆ ಹಿಡಿತ ಇರುತ್ತಿರಲಿಲ್ಲ. "ಕಾರ್ತಿಕದವರೆಗೂ. ಪ್ರತಿ ವರ್ಷ ಹಿಡಿಯುತ್ತಾಳೆ."

ಅಪ್ಪಾಸಾಹೇಬರ ಕಣ್ಣು ಮಾತ್ರ ಮಾರ್ತಾಂಡ ಅಲ್ಲೇ ಬಿಟ್ಟು ಹೋಗಿದ್ದ ಗ್ರಾಮೋಫೋನಿನ ಮೇಲಿತ್ತು. ಮಾಸ್ತರ ಮಧುಕರನ ಪ್ಲೇಟು ಇದೆಯೇ ಎಂದು ಕೇಳಿದರು. ಇದೆ ಎಂದ ಕೂಡಲೇ ತೊಡೆ ತಟ್ಟಿಕೊಂಡರು. ಊರು ಬಾರಾಮತಿಯಾದರೂ ಅವರ ಮನೆ ಪುಣೆಯ ನಾರಾಯಣ ಪೇಠೆಯಲ್ಲಿ, ಎರಡು ಗಲ್ಲಿ ಆಚೆ. ಸಂಬಂಧ ಅಂದೇ ಗಟ್ಟಿಯಾಯಿತು, ತುಳಸಿ ಲಗ್ನವಾದ ಮೇಲೆ ಮದುವೆ ಎಂದು ನಿಂತಿತು. ಹೋಗುವಾಗ ಅವರು, "ಇನ್ನು ನಾವು ಬೀಗರು. ನಾಲ್ಕು ದಿನಕ್ಕೊಮ್ಮೆ ಬಂದು ಹಾಡು ಕೇಳುತ್ತೇನೆ" ಎಂದರು.

ಮಾತು ಉಳಿಸಿಕೊಳ್ಳುವ ಮನುಷ್ಯ, ಬಂದೇ ಬಂದರು. ಹೊತ್ತಿಲ್ಲ ಗೊತ್ತಿಲ್ಲ, ಮುಂಜಾನೆ ಒಮ್ಮೆ, ಇಳಿಹೊತ್ತಿಗೆ ಒಮ್ಮೆ. ಅವರ ಮನೆಯ ಹೆಂಗಸರು ನಲ್ಲಿಯ ಹತ್ತಿರ ಬಂದು ವಾಡೆಯವರ ಪರಿಚಯ ಮಾಡಿಕೊಂಡರು. ಗೋಡೆಗೆ ಕಿವಿ ಇದ್ದಂತಾಯಿತು. ಒಂದು ದಿನದ ಮೌನವನ್ನು ಇಳಿಸುವುದಕ್ಕೆ ಎಡೆಯೇ ಸಿಗಲಿಲ್ಲ.

"ತುಸು ದಿನಾ ತಡಿ," ಎನ್ನುತ್ತಿದ್ದ ಕೃಷ್ಣಾಜಿ ಮೊದಮೊದಲು.

ಆರಂಭದಲ್ಲಿ ಅವಳು ಒಲೆಯ ಮುಂದೆ ಕೂತು ತುಟಿ ಅಲುಗಿಸುತ್ತಿದ್ದಳು. ಮಾರ್ತಾಂಡ ಬಂದಾಗ ಅವನ ಚೇಷ್ಟೆಗೆ ಸರಿಯಾದ ಉತ್ತರ ನಾಲಿಗೆಯ ತುದಿಗೆ ಬಂದು ಅಲ್ಲೇ ಕೂರುತ್ತಿತ್ತು. ಆಮೇಲೆ ಬರುವುದು ಕಡಿಮೆಯಾಯಿತು. ಉಪ್ಪು ಬೇಕೆಂದರೆ ಬೆರಳು ತಿಕ್ಕಿ ತೋರಿಸುವಳು, ನೀರೆಂದರೆ ಹೆಬ್ಬೆರಳು. ಮನೆಗೆ ಅದೇ ರೂಢಿಯಾಯಿತು. ಅವಳಿಗೆ ಕನ್ನಡದಲ್ಲಿ ಉತ್ತರ ಕೊಡುವ ಕೆಲಸ ಇಲ್ಲದ್ದರಿಂದ ಗಂಡ ಮಗಳು ಇಬ್ಬರೂ ತಮ್ಮ ತಮ್ಮಲ್ಲಿ ಮರಾಠಿಯನ್ನೇ ಆಡತೊಡಗಿದರು. ಯಾರೂ ಬೇಕೆಂದು ಮಾಡಿದ್ದಲ್ಲ. ನವರಾತ್ರಿಯ ಹೊತ್ತಿಗೆ ಆ ಬಿಡಾರದಲ್ಲಿ ಕನ್ನಡ ಕೇಳುತ್ತಿದ್ದುದು ಮಾರ್ತಾಂಡ ಬಂದಾಗ ಮಾತ್ರ. ಬೀಗರು ಕೂತಿದ್ದರೆ ಅದೂ ಇಲ್ಲ.

ದೀಪಾವಳಿಯ ದಿನ ನವಲಗುಂದದಿಂದ ಅಪ್ಪ ತೀರಿಕೊಂಡ ಸುದ್ದಿ ಬಂತು. ಪಡಸಾಲೆಯಲ್ಲಿ ಅಪ್ಪಾಸಾಹೇಬರು ಫರಾಳದ ತಿಂಡಿ ತಿನ್ನುತ್ತ ಕೂತಿದ್ದರು. ಕೃಷ್ಣಾಜಿ ಅಡಿಗೆಮನೆಗೆ ಬಂದು ಮೆಲ್ಲಗೆ ಹೇಳಿದ. ರಂಗೂಬಾಯಿ ಒಲೆಯಿಂದ ಕಡಾಯಿ ಇಳಿಸಿದಳು, ಕರಿದಿದ್ದನ್ನು ತೆಗೆದಳು, ನಲ್ಲಿಗೆ ಹೋಗಿ ತಲೆಗೆ ನೀರು ಹಾಕಿಕೊಂಡಳು. ಅಳು ಬರುತ್ತದೇನೋ ಎಂದು ಕಾದಳು. ಬರಲಿಲ್ಲ. ನೀರು ತಣ್ಣಗಿದೆ ಎಂದಷ್ಟೇ ಅನಿಸಿತು.

ಕಾರ್ತಿಕ ಬಂತು. ಮೌನ ಬಿಡುವಾಗ ದೇವರಿಗೆ ಗಂಟೆ ದಾನ ಕೊಡುವ ಪದ್ಧತಿ. ಬೀಗರು ಅದನ್ನು ತಾವಾಗಿ ಮುಂದೆ ನಿಂತು ಮಾಡಿಸಿದರು. ವಾಡೆಯ ಮಂದಿಯೆಲ್ಲ ಸೇರಿದ್ದರು. ಮೌನ ಬಿಟ್ಟ ಬಾಯಿಂದ ಮೊದಲು 'ಯಾ, ಬಸಾ' ಎಂದು, ಅಂದರೆ ಬನ್ನಿ ಕೂತುಕೊಳ್ಳಿ ಎಂದು ಮರಾಠಿಯಲ್ಲಿ ಅನ್ನಬೇಕೆಂದು ಅಂಬಕ್ಕ ಬೆಳಗಿನಿಂದ ಅವಳಿಗೆ ಕಲಿಸಿದ್ದಳು. "ಎರಡೇ ಮಾತು ರಂಗೂ. ತಪ್ಪಬ್ಯಾಡ."

ಭಟ್ಟರು ಗಂಟೆ ಬಾರಿಸಿ, "ಇನ್ನು ಮಾತಾಡಿ, ರಂಗೂಬಾಯಿ" ಎಂದರು. ಎಲ್ಲರೂ ಅವಳ ಬಾಯಿ ನೋಡುತ್ತಿದ್ದರು. ಅವಳು ತುಟಿ ತೆರೆದಳು. ಏನೂ ಬರಲಿಲ್ಲ. ಇನ್ನೊಮ್ಮೆ ತೆರೆದಾಗ ಒಡೆದ ದನಿಯೊಂದು ಬಂತು.

"ನೀರು ಕೊಡ್ರಿ."

ಕೃಷ್ಣಾಜಿ ಬೀಗರತ್ತ ನೋಡಿದ. ಅಂಬಕ್ಕ ಸೆರಗು ಹಿಡಿದುಕೊಂಡಳು. ಹುಡುಗನ ತಾಯಿ ಎದ್ದು ತಂಬಿಗೆ ತಂದು ಕೈಗಿಟ್ಟಳು. ಅಪ್ಪಾಸಾಹೇಬರು ಕಿಸಕ್ಕನೆ ನಕ್ಕರು.

"ಅಂತೂ ಕಾನಡಿ ಕೇಳಿಸಿತಲ್ಲ ಈ ಮನೆಯಲ್ಲಿ! ಸಂಬಂಧ ತಂದ ಮಧ್ಯಸ್ಥ ಮೊದಲ ದಿನವೇ ಹೇಳಿದ್ದ, ಧಾರವಾಡದ ಮಂದಿ, ಕೈ ಶುದ್ಧ, ಅಡಿಗೆ ಶುದ್ಧ ಎಂದು. ನೀವೇ ಬಾಯಿ ಬಿಡಲಿಲ್ಲ. ನಾಚಿಕೆಯೇನೋ, ಕೇಳುವುದು ಬೇಡ ಎಂದುಕೊಂಡೆವು. ಮಾಸ್ತರ ಮಧುಕರನ ಊರಿನ ಮಾತು, ನಾಚಿಕೆ ಯಾಕಪ್ಪ?"

ಆಮೇಲೆ ಮಾರ್ತಾಂಡ ನಕ್ಕ, ಕೃಷ್ಣಾಜಿ ನಕ್ಕ, ಅಂಬಕ್ಕ ನಗುತ್ತ ನಗುತ್ತ ಕಣ್ಣೊರೆಸಿಕೊಂಡಳು. ವಾಡೆಗೆ ವಾಡೆಯೇ ನಕ್ಕಿತು. ರಂಗೂಬಾಯಿ ನೀರು ಕುಡಿದು ತಂಬಿಗೆಯನ್ನು ಕೆಳಗಿಟ್ಟಳು. ಎಲ್ಲರೂ ತನ್ನನ್ನೇ ನೋಡುತ್ತಿದ್ದಾರೆಂದು ತಿಳಿದು ತಾನೂ ಒಂದಿಷ್ಟು ನಕ್ಕಳು.

ಮದುವೆ ಚೆನ್ನಾಗಿ ಆಯಿತು. ಮುಂದೆ ನೆಂಟರು ಎಲ್ಲಿ ಕೂಡಿದರೂ ಈ ಕಥೆಯೇ. "ನಮ್ಮ ವೈನಿ ನಾಕು ತಿಂಗಳಾ ಬಾಯಿ ಹೊಲಕೊಂಡು ಕೂತಿದ್ರಪಾ, ಬೀಗರಿಗೆ ಮೊದಲ ದಿನಾನ ಗೊತ್ತು!" ಎಂದು ಮಾರ್ತಾಂಡ ಶುರು ಮಾಡಿದರೆ ಹೊಟ್ಟೆ ಹಿಡಿದುಕೊಂಡು ನಗುವರು. ಕೈಸನ್ನೆಯನ್ನೆಲ್ಲ ಅವನು ಮಾಡಿ ತೋರಿಸುವನು. ಯಾರಾದರೂ ನಡುವೆ, "ನೀವ ಹೇಳ್ರಿ ರಂಗೂಬಾಯಿ, ಆವಾಗ ಏನನಸ್ತಿತ್ತು?" ಎಂದು ಕೇಳಿದರೆ, "ಏನಿಲ್ಲ ಬಿಡ್ರಿ" ಎನ್ನುವಳು. ಸುಳ್ಳಲ್ಲ ಅದು. ಕೇಳಿದವರಿಗೆ ಕೊಡುವಂಥದು ಅವಳ ಹತ್ತಿರ ನಿಜವಾಗಿಯೂ ಏನೂ ಇರುತ್ತಿರಲಿಲ್ಲ.

ಶಾಮಲಾ ಚೊಚ್ಚಲ ಬಸುರಿಯಾಗಿ ತವರಿಗೆ ಬಂದಳು. ಒಂದು ಮಧ್ಯಾಹ್ನ ತಾಯಿಯ ಮಗ್ಗುಲಿಗೆ ಕೂತು, ಎಷ್ಟೋ ದಿನದ ಮೇಲೆ ಕನ್ನಡದಲ್ಲಿ, ತಡೆತಡೆದು ಅಂದಳು:

"ಅವ್ವಾ, ನಾ ಸಣ್ಣಾಕಿ ಇದ್ದಾಗ ನವಲಗುಂದದ ಸುದ್ದಿ ಎಷ್ಟು ಹೇಳ್ತಿದ್ದಿ. ಏನರ ಹೇಳು ನನಗ."

ರಂಗೂಬಾಯಿ ಮಗಳನ್ನು ನೋಡಿದಳು. ನೆನಪು ಮಾಡಿಕೊಳ್ಳುವವಳಂತೆ ತುಸು ಹೊತ್ತು ಕೂತಳು.

"ಏನ ಹೇಳಲಿ? ಅಡಿಗಿ ಆಗೇದ, ಏಳು. ಆರಿ ಹೋಗ್ತದ."

ಎದ್ದು ಎಲೆ ಹಾಕಿದಳು, ಬಡಿಸಿದಳು. ಮಗಳು ಉಂಡಳು.