ಸಾಕಿದ ಮೀನು

ನಮ್ಮ ಮನೆಯಲ್ಲಿ ಮೀನು ಎಂಬ ಶಬ್ದವನ್ನು ಜೋರಾಗಿ ಹೇಳುವ ಪದ್ಧತಿಯೇ ಇರಲಿಲ್ಲ. ಪುರಸೈವಾಕ್ಕಂನ ನಮ್ಮ ಓಣಿಗೆ ಮೀನಿನವಳು ಬುಟ್ಟಿ ಹೊತ್ತು ಕೂಗುತ್ತ ಬಂದರೆ ಅತ್ತೆ ಎದ್ದು ಹೋಗಿ ಕಿಟಕಿ ಹಾಕಿಕೊಳ್ಳುತ್ತಿದ್ದರು. ಅಂಥ ತಾಯಿಯ ಒಬ್ಬನೇ ಮಗ, ಅರ್ಧ ಆಯುಷ್ಯವನ್ನು ಸಸ್ಯಾಹಾರಿ ಹೋಟೆಲಿನ ಒಲೆಯ ಮುಂದೆ ಕಳೆದ ನನ್ನ ಗಂಡ, ಒಂದು ಸಂಜೆ ಚಪ್ಪಲಿ ಬಿಡುತ್ತಾ ನನ್ನ ಹತ್ತಿರ, "ನಾನ್ ಇನ್ ಮೇಲೆ ಮೀನ್ ಸಾಕ್ತೆ" ಎಂದರು. ನನಗೆ ಮೊದಲು ನಗು ಬಂತು, ಆಮೇಲೆ ಸಿಟ್ಟು ಬಂತು. ಈಗ ನೆನೆದರೆ ಎರಡೂ ಬರುವುದಿಲ್ಲ. ದುಃಖವಾಗುತ್ತದೆ, ಅಷ್ಟೆ.

ಸುಮ್ಮನೆ ಹುಟ್ಟಿದ ಹುಚ್ಚಲ್ಲ ಅದು. ಕುಂದಾಪುರದ ಕಡೆಯಿಂದ ಬಂದು ಮದರಾಸಿನಲ್ಲಿ ಹೋಟೆಲು ಕಟ್ಟಿದ ನಮ್ಮ ಧಣಿಗಳ ಮಕ್ಕಳು ಕಟ್ಟಡವನ್ನು ಬಟ್ಟೆ ಅಂಗಡಿಯವರಿಗೆ ಮಾರಿದರು. ದೋಸೆಕಲ್ಲು ಇದ್ದ ಜಾಗದಲ್ಲಿ ಈಗ ನೈಟಿಗಳು ತೂಗಾಡುತ್ತವೆ. ಇವರ ಕಾಲಿನ ನರಗಳು ಉಬ್ಬಿ ಗಂಟುಗಂಟಾಗಿದ್ದವು. ಇನ್ನು ಬೆಂಕಿಯ ಮುಂದೆ ಹೊತ್ತುಗಟ್ಟಲೆ ನಿಲ್ಲಬಾರದು ಎಂದು ಡಾಕ್ಟರು ಹೇಳಿದ ಮೇಲೆ ಯಾರು ಕೆಲಸ ಕೊಡುತ್ತಾರೆ? ಮನೆಯಲ್ಲಿ ಕೂತರು. ಕೆಲಸವಿಲ್ಲದ ಅಡುಗೆ ಭಟ್ಟರು ಮನೆಯಲ್ಲಿ ಕೂತರೆ ಹೇಗಿರುತ್ತದೆ ಎಂದು ನನ್ನನ್ನು ಕೇಳಬೇಕು. ಉಪ್ಪಿನ ಡಬ್ಬಿ ಎಲ್ಲಿಟ್ಟರೂ ತಪ್ಪು, ಕೊತ್ತಂಬರಿ ಹೇಗೆ ತೊಳೆದರೂ ತಪ್ಪು. ನಾನೂ ಬಾಯಿ ಮುಚ್ಚಿಕೊಂಡಿರುವ ಪೈಕಿ ಅಲ್ಲ. ಆದರೆ ಒಮ್ಮೊಮ್ಮೆ ಅವರು ಗೋಡೆ ನೋಡುತ್ತಾ ಕೂತದ್ದನ್ನು ಕಂಡರೆ ಜಗಳ ಬಿಟ್ಟು ಒಂದು ಲೋಟ ಕಾಫಿ ಮಾಡಿ ಮುಂದಿಡುತ್ತಿದ್ದೆ.

ಆಗ ಸಿಕ್ಕಿದವರು ಹೋಟೆಲಿನ ಹಳೆಯ ಗಿರಾಕಿಯೊಬ್ಬರು. ಮಣಲಿಯಿಂದ ಆಚೆ ಅವರದೊಂದು ತುಂಡು ನೆಲ. ಹಿಂದೆ ಇಟ್ಟಿಗೆಗೆಂದು ಮಣ್ಣು ತೆಗೆದು ತೆಗೆದು ಅಲ್ಲೊಂದು ದೊಡ್ಡ ಹೊಂಡವಾಗಿ, ನೀರು ನಿಂತಿತ್ತು. "ಸುಮ್ಮಾ ತಾನ್ ಕೆಡಕ್ಕುದು ಸಾಮಿ. ಮೀನ್ ವಳಕ್ಕಲಾಮಾ?" ಎಂದು ಕೇಳಿದರಂತೆ. ಸುಮ್ಮನೆ ಬಿದ್ದಿದೆ, ಮೀನು ಸಾಕೋಣವೇ ಎಂದು. ಹೊಂಡ ಅವರದು, ನೋಡಿಕೊಳ್ಳುವ ಕೆಲಸ ಇವರದು, ಬಂದದ್ದರಲ್ಲಿ ಪಾಲು. ಹಿಡಿಯುವುದು, ಮಾರುವುದು ಎಲ್ಲ ಅವರೇ. ಇವರು ಕತ್ತಿ ಮುಟ್ಟಬೇಕಾಗಿಲ್ಲ, ತಕ್ಕಡಿ ಮುಟ್ಟಬೇಕಾಗಿಲ್ಲ.

"ಮುಟ್ಟದಿದ್ರೆ ಆಯ್ತಾ? ಅಮ್ಮನಿಗೆ ಎಂಥ ಹೇಳ್ತ್ರಿ?" ಎಂದು ನಾನು ಕೇಳಿದೆ.

ಅದೇ ಇದ್ದದ್ದು ಕಷ್ಟ. ಮಾವ ತೀರಿಕೊಂಡಂದಿನಿಂದ ಅತ್ತೆ ದಿನಕ್ಕೆ ಒಂದೇ ಹೊತ್ತು ಊಟ ಮಾಡುತ್ತಿದ್ದರು, ಅದೂ ಮಗ ಸ್ನಾನ ಮಾಡಿ ಮಡಿಯಲ್ಲಿ ಬೇಯಿಸಿದ್ದು ಮಾತ್ರ. ಹೋಟೆಲಿನ ಕೆಲಸವಿದ್ದಾಗಲೂ ಇವರು ನಸುಕಿನಲ್ಲೆದ್ದು ತಾಯಿಗೆ ಒಂದು ಹಿಡಿ ಅನ್ನ, ಒಂದು ಸೌಟು ಸಾರು ಮಾಡಿಟ್ಟೇ ಹೊರಡುತ್ತಿದ್ದರು. ನನ್ನ ಕೈಯದ್ದು ಅತ್ತೆಗೆ ಸೇರುತ್ತಿರಲಿಲ್ಲ, ನನಗೂ ಅದರ ಬಗ್ಗೆ ಬೇಸರವಿರಲಿಲ್ಲ. ಮಗ ಮೀನು ಬೆಳೆಸಿ ಮಾರುತ್ತಾನೆ ಎಂದು ಗೊತ್ತಾದರೆ ಆ ಕೈಯ ಅನ್ನ ಅವರ ಗಂಟಲಲ್ಲಿ ಇಳಿಯುವುದಿಲ್ಲ ಎಂದು ನನಗೂ ಗೊತ್ತು, ಇವರಿಗೂ ಗೊತ್ತು. ಹೇಳಿಬಿಡಿ, ಇವತ್ತಲ್ಲದಿದ್ದರೆ ನಾಳೆ ಗೊತ್ತಾಗುತ್ತದೆ ಎಂದು ನಾನು ಬಡಿದುಕೊಂಡೆ. ಇವರು ತಾಯಿಯ ಮುಂದೆ ಹೋಗಿ ಕೂತು, ನನಗೆ ಹೇಳಿದ ಮಾತನ್ನೇ ಹೇಳಿದರು. "ಅಮ್ಮ, ನಾನ್ ಮೀನ್ ಸಾಕ್ತೆ." ಅಲ್ಲಿಗೇ ನಿಲ್ಲಿಸಿದರು.

ಅತ್ತೆಯ ತವರಿನ ಹತ್ತಿರ ಹೊಳೆಯ ದಂಡೆಯಲ್ಲೊಂದು ದೇವಸ್ಥಾನ. ಅಲ್ಲಿಯ ಗುಂಡಿಯಲ್ಲಿ ದೇವರ ಮೀನು. ಮೈಯಲ್ಲಿ ಕಜ್ಜಿಯಾದರೆ, ಮಕ್ಕಳಿಗೆ ಹುಷಾರಿಲ್ಲದಿದ್ದರೆ, ಮೀನಿಗೆ ಅಕ್ಕಿ ಹಾಕುತ್ತೇವೆ ಎಂದು ಹರಕೆ ಹೊರುತ್ತಿದ್ದರು. ಮೆಟ್ಟಿಲ ಮೇಲೆ ನಿಂತರೆ ಸಾಕು, ಮೀನುಗಳು ಮೇಲೆ ಬಂದು ಬಾಯಿ ತೆರೆಯುತ್ತಿದ್ದವಂತೆ. ಆ ಹೆಂಗಸಿನ ಪಾಲಿಗೆ ಜಗತ್ತಿನಲ್ಲಿ ಇದ್ದದ್ದು ಎರಡೇ ಮೀನು, ಬುಟ್ಟಿಯಲ್ಲಿ ಸತ್ತದ್ದು ಮತ್ತು ದೇವರದ್ದು. ಸಾಕುತ್ತೇನೆ ಎಂದರೆ ಅವರಿಗೆ ಹಸು ಸಾಕಿದ ಹಾಗೆ, ಮಕ್ಕಳನ್ನು ಸಾಕಿದ ಹಾಗೆ. ಕೈ ಮುಗಿದರು. "ಒಳ್ಳೇದಾಯ್ತ್ ಮಾಣಿ. ಬೆಂಕಿ ಮುಂದೆ ಬೆಂದದ್ದ್ ಸಾಕ್. ಇದ್ ಪುಣ್ಯದ ಕೆಲ್ಸ."

"ನಾನ್ ಸುಳ್ಳ್ ಹೇಳ್ಲಿಲ್ಲೆ" ಎಂದರು ಇವರು ಹೊರಗೆ ಬಂದು. ನನಗೆ ಮೈಯೆಲ್ಲ ಉರಿಯಿತು.

ಸರ್ಕಾರದವರ ತರಬೇತಿಗೆ ಹೋದರು. ಅಲ್ಲಿ ಮಧ್ಯಾಹ್ನದ ಊಟಕ್ಕೆ ಬೇರೆಯವರಿಗೆ ಮೀನು ಸಾರು, ಇವರಿಗೆ ಮೂಲೆಯಲ್ಲಿ ಮನೆಯಿಂದ ಒಯ್ದ ಮೊಸರನ್ನ. ಆದರೂ ಕಲಿತರು. ಹೊಂಡ ಒಣಗಿಸಿ ಸುಣ್ಣ ಹಾಕಿದರು, ಸಗಣಿ ಹಾಕಿದರು, ನೀರು ತುಂಬಿ ಅದು ಹಸಿರಾಗುವವರೆಗೆ ಕಾದರು. ಪ್ಲಾಸ್ಟಿಕ್ ಚೀಲಗಳಲ್ಲಿ ಗಾಳಿ ತುಂಬಿ ಕಟ್ಟಿದ ಮರಿಗಳು ಬಂದ ದಿನ ನಾನೂ ಹೋಗಿದ್ದೆ. ರೋಹು, ಕಾಟ್ಲಾ ಎಂದೆಲ್ಲ ಹೆಸರು. ನನ್ನ ಕಣ್ಣಿಗೆ ಎಲ್ಲ ಒಂದೇ, ಬೆರಳುದ್ದ. ಚೀಲಗಳನ್ನು ಹಾಗೇ ಸ್ವಲ್ಪ ಹೊತ್ತು ನೀರಿನಲ್ಲಿ ತೇಲಿಬಿಟ್ಟು, ಒಳಗಿನ ನೀರೂ ಹೊರಗಿನ ನೀರೂ ಒಂದೇ ಹದಕ್ಕೆ ಬಂದ ಮೇಲೆ ಬಾಯಿ ಬಿಚ್ಚಿದರು. ಮರಿಗಳು ಜಾರಿ ಹೋದವು. ಎಷ್ಟೋ ತಿಂಗಳ ಮೇಲೆ ಇವರ ಮುಖದಲ್ಲಿ ನಗು ಕಂಡೆ. ಮಣಲಿಯ ಕಾರ್ಖಾನೆಗಳ ಗ್ಯಾಸಿನ ವಾಸನೆ ಮೂಗಿಗೆ ಬಡಿಯುತ್ತಿತ್ತು. ನನಗೇನೂ ಅನ್ನಿಸಲಿಲ್ಲ.

ಆದರೆ ಹುಟ್ಟುಗುಣ ಎಲ್ಲಿಗೆ ಹೋಗುತ್ತದೆ? ಇವರು ಬಡಿಸುವ ಕೈಯವರು. ಕಡಲೆಕಾಯಿ ಹಿಂಡಿ, ಅಕ್ಕಿ ತವುಡು ಕಲಸಿ ತೂತಿನ ಚೀಲದಲ್ಲಿ ತುಂಬಿ ಕೋಲಿಗೆ ಕಟ್ಟಬೇಕು, ಇಷ್ಟೇ ಹಾಕಬೇಕು ಎಂದು ತರಬೇತಿಯಲ್ಲಿ ಹೇಳಿದ್ದರು. ಇವರು ಇಷ್ಟಕ್ಕೆ ಇನ್ನಷ್ಟು ಸೇರಿಸುತ್ತಿದ್ದರು. ತವುಡನ್ನು ಬೇಯಿಸಿ ಮುದ್ದೆ ಮಾಡುತ್ತಿದ್ದರು. ಎಲೆಯ ಮುಂದೆ ಕೂತವರು ಕೈ ಅಡ್ಡ ಹಿಡಿದು ಸಾಕು ಎನ್ನುತ್ತಾರೆ, ಮೀನು ಹಾಗೆ ಎನ್ನುವುದಿಲ್ಲವಲ್ಲ. ಮಿಕ್ಕಿದ್ದು ತಳ ಸೇರಿ ಕೊಳೆಯುತ್ತಿತ್ತು. "ಜಾಸ್ತಿ ವೇಂಡಾಂ ಸಾಮಿ", ಜಾಸ್ತಿ ಬೇಡ ಎಂದು ಹೊಂಡದ ಮಾಲೀಕರು ಒಂದೆರಡು ಸಲ ಅಂದರು. ಇವರು ಹೂಂ ಎಂದರು, ಮತ್ತೆ ಹಾಕಿದರು. ಮೀನುಗಳೂ ಚೆನ್ನಾಗಿಯೇ ಬೆಳೆದವು. ಇನ್ನು ಸ್ವಲ್ಪ ದಿನಕ್ಕೆ ಬಲೆ ಹಾಕಿಸುವುದು ಎಂದಾಯಿತು.

ಆ ಹೊತ್ತಿಗೆ ಅತ್ತೆಗೆ ಆಸೆಯಾಯಿತು. ಏಕಾದಶಿಯ ಉಪವಾಸದಲ್ಲಿದ್ದವರು ಮಗನನ್ನು ಕರೆದು, "ನಾಳೆ ದ್ವಾದಶಿ. ಪಾರಣೆ ಮಾಡುಕೆ ಮುಂಚೆ ನಿನ್ ಮೀನಿಗೆ ಒಂದ್ ಮುಷ್ಟಿ ಅನ್ನ ಹಾಕಿ ಬಪ್ಪ. ಅವು ಉಂಡ ಮೇಲೆ ನಾನ್ ಉಂಬುದ್" ಎಂದರು. ಇವರು ಆಯ್ತು ಎಂದುಬಿಟ್ಟರು. ದ್ವಾದಶಿಯ ನಸುಕಿಗೆ ಎದ್ದು ಅನ್ನ ಮಾಡಿ ಹಿತ್ತಾಳೆ ಪಾತ್ರೆಗೆ ತುಂಬಿದರು. ಮೂವರೂ ಆಟೋ ಹತ್ತಿದೆವು. ಎರಡು ಮೂರು ದಿನದಿಂದ ಬಿಸಿಲೇ ಬಿದ್ದಿರಲಿಲ್ಲ. ಮೋಡ ಕವಿದು ಧಗೆ, ಎಲೆ ಅಲ್ಲಾಡುತ್ತಿರಲಿಲ್ಲ.

ಹೊಂಡದ ಹತ್ತಿರ ಇಳಿದಾಗ ಆಗಷ್ಟೇ ಬೆಳಕು ಹರಿದಿತ್ತು. ನೀರಿನ ಮೇಲೆಲ್ಲ ಬಾಯಿಗಳು. ಈ ದಂಡೆಯಿಂದ ಆ ದಂಡೆಯವರೆಗೆ ನೂರಾರು ಬಾಯಿಗಳು ತೆರೆಯುತ್ತ, ಮುಚ್ಚುತ್ತ. ಅತ್ತೆ "ನಾರಾಯಣ" ಎಂದು ಕೆನ್ನೆ ತಟ್ಟಿಕೊಂಡರು. ಇವರು ನೀರಿನಂಚಿಗೆ ಬಗ್ಗಿ ನೋಡಿದರು. "ನೀರಲ್ಲಿ ಗಾಳಿ ಇಲ್ಲೆ. ಪಂಪ್ ಹಾಕ್ಕ್" ಎಂದು ನನಗೆ ಹೇಳಿ, "ಅಮ್ಮ, ನೀನ್ ಇಲ್ಲೇ ಕೂಕೊ" ಎಂದವರೇ ಮಾಲೀಕರ ಮನೆಯ ಕಡೆ ಓಡಿದರು. ಪೈಪು ಹಿಡಿಯಲು ನಾನೂ ಹಿಂದೆ ಓಡಿದೆ. ಆ ಕಾಲುಗಳಲ್ಲಿ ಇವರು ಓಡಿದ್ದನ್ನು ನಾನು ಅದೇ ಮೊದಲು ಕಂಡದ್ದು.

ಡೀಸೆಲ್ ಪಂಪನ್ನು ಮಾಲೀಕರೂ ನಾವಿಬ್ಬರೂ ತಳ್ಳಿಕೊಂಡು ಬರುವಾಗ ಎಲ್ಲರಿಗಿಂತ ಮೊದಲು ನೋಡಿದವರು ಮಾಲೀಕರು. "ಪಾಟಿ! ಪೋಡಾದೀಂಗ! ಪೋಡಾದೀಂಗ ಪಾಟಿ!" ಎಂದು ಕಿರುಚಿದರು. ಹಾಕಬೇಡಿ ಅಜ್ಜಿ ಎಂದು. ಅತ್ತೆಗೆ ಕೇಳಿಸಲಿಲ್ಲ. ಪಾತ್ರೆಯ ಅನ್ನ ಮುಗಿದಿತ್ತು. ಪಕ್ಕದ ಚಪ್ಪರದಲ್ಲಿದ್ದ ತವುಡಿನ ಮೂಟೆ ಬಿಚ್ಚಿ, ಸೆರಗಿನಲ್ಲಿ ತುಂಬಿ ತುಂಬಿ ತಂದು ಎರಡೂ ಕೈಯಲ್ಲಿ ಎರಚುತ್ತಿದ್ದರು. ನೀರಿನ ಮೇಲೆ ತವುಡು ಕೆನೆಗಟ್ಟಿತ್ತು. ನಮ್ಮನ್ನು ಕಂಡು ಏದುಸಿರು ಬಿಡುತ್ತ ಹೇಳಿದರು: "ಎಷ್ಟ್ ಹಸಿವ್ ಆಯ್ತ್ ಕಾಣ್ ಮಾಣಿ, ಪಾಪದವಕ್ಕೆ! ಮೇಲೆ ಬಂದ್ ಬಂದ್ ಬಾಯಿ ಬಿಡ್ತೊ. ನೀನ್ ಸರಿಯಾಗಿ ಹಾಕ್ತಾ ಇಲ್ಯಾ?"

ಇವರು ಪೈಪನ್ನು ನೀರಿಗೆ ಇಳಿಸಿದರು. ಪಂಪು ಶುರು ಮಾಡಿದರು, ನೀರನ್ನು ಎತ್ತಿ ಎತ್ತಿ ಮೇಲಿನಿಂದ ಬೀಳಿಸಿದರು. ಕೊನೆಗೆ ಸೊಂಟದವರೆಗೆ ನೀರಿಗಿಳಿದು ಕೈಯಿಂದಲೇ ಬಡಿದರು. ಆ ಹೊತ್ತಿಗೆ ಒಂದೊಂದೇ ಬಿಳಿ ಹೊಟ್ಟೆ ಮೇಲೆ ಬರತೊಡಗಿತ್ತು. ಬಿಸಿಲು ಬರಲೇ ಇಲ್ಲ. ಮಧ್ಯಾಹ್ನದ ಹೊತ್ತಿಗೆ ಹೊಂಡವೆಲ್ಲ ಬೆಳ್ಳಗಾಯಿತು. ಮಾಲೀಕರು ದಂಡೆಯಲ್ಲಿ ತಲೆಯ ಮೇಲೆ ಕೈ ಹೊತ್ತು ಕೂತಿದ್ದರು. ಬೈಯಲಿಲ್ಲ ಪುಣ್ಯಾತ್ಮರು. ಗುಂಡಿ ತೋಡಿಸಿ, ಸುಣ್ಣ ಹಾಕಿ ಎಲ್ಲವನ್ನೂ ಮುಚ್ಚಿಸಿದರು.

ಅತ್ತೆ ಮನೆಗೆ ಬಂದವರು ಉಟ್ಟ ಸೀರೆಯಲ್ಲೇ ತಣ್ಣೀರು ಹೊಯ್ದುಕೊಂಡು ದೇವರ ಮುಂದೆ ಕೂತರು. ಪಾರಣೆ ಮಾಡಲಿಲ್ಲ. ಮರುದಿನವೂ ಉಣ್ಣಲಿಲ್ಲ. ಇವರು ಸ್ನಾನ ಮಾಡಿ, ಬೇಯಿಸಿ, ಎಲೆ ಹಾಕಿ ಕರೆದರೆ, "ದೇವ್ರ್ ಮೀನ್ ಕೊಂದ್ಕಂಡ್ ನಾನ್ ಉಣ್ಕಾ?" ಎಂದರು.

"ನೀನ್ ಹಾಕಿದ್ದಕ್ಕೆ ಸತ್ತದ್ದ್ ಅಲ್ಲ ಅಮ್ಮ. ನೀರ್ ಮೊದ್ಲೇ ಕೆಟ್ಟಿತ್ತ್. ನಾನೇ ತಿಂಗಳಗಟ್ಲೆ ಜಾಸ್ತಿ ಹಾಕಿ ಹಾಕಿ ಕೆಡ್ಸಿದ್ದ್."

"ಸಾಕುವವ ಹೊಟ್ಟೆ ತುಂಬ ಹಾಕ್ರೆ ಸಾಯ್ತೊ? ನನ್ ಸಮಾಧಾನಕ್ಕೆ ಹೇಳ್ತೆ ನೀನ್. ನಾನ್ ಹಾಕ್ದ ಮೇಲೇ ಅಲ್ದಾ ಸತ್ತದ್ದ್?"

ಇನ್ನೂ ಒಂದು ದಿನ ಕಳೆಯಿತು. ಗುಟುಕು ನೀರು ಬಿಟ್ಟರೆ ಏನೂ ಇಲ್ಲ. ಡಾಕ್ಟರು ಬಂದು ನೋಡಿ, ಈ ವಯಸ್ಸಿನಲ್ಲಿ ಹೀಗೆ ಬಿಟ್ಟರೆ ಜೀವಕ್ಕೇ ಬರುತ್ತದೆ ಎಂದು ಹೇಳಿ ಹೋದರು. ಇವರು ಹಜಾರದಲ್ಲಿ ಅತ್ತಿಂದಿತ್ತ ತಿರುಗುತ್ತಿದ್ದರು. ಅವರ ಮನಸ್ಸಿನಲ್ಲಿ ಏನಿದೆ ಎಂದು ನನಗೆ ಗೊತ್ತಾಯಿತು. ಹೇಳಿ ಹೇಳಿ ಎಂದು ಮೊದಲ ದಿನದಿಂದ ಬಡಿದುಕೊಂಡವಳು ಆವತ್ತು ಅಡ್ಡ ಹೋಗಿ ನಿಂತೆ. "ಬೇಡ. ಈಗ ಬೇಡ. ನಿಮ್ಮ ಕೈ ಅನ್ನ ಮತ್ತೆ ಮುಟ್ಟೂದಿಲ್ಲೆ ಅವ್ರ್."

"ಯಾರ ಕೈದಾದ್ರೂ ಉಣ್ಲಿ ಮಾರಾಯ್ತಿ. ಉಣ್ಲಿ" ಎಂದರು.

ತಾಯಿಯ ಮುಂದೆ ನೆಲದ ಮೇಲೆ ಕೂತು ಹೇಳಿದರು. "ಅಮ್ಮ, ಅವು ದೇವ್ರ್ ಮೀನ್ ಅಲ್ಲ. ಮಾರುಕೆ ಸಾಕಿದ್ದ್. ಇನ್ನೊಂದ್ ವಾರ ಬಿಟ್ರೆ ಬಲೆ ಹಾಕಿ ಹಿಡೀತಿದ್ರ್."

ಅತ್ತೆ ಮಗನನ್ನು ನೋಡಿದರು. "ಮಾರುಕೆ?"

"ಹೌದ್."

"ತಿಂಬವರಿಗೆ?"

"ಹೌದ್ ಅಮ್ಮ. ನೀನ್ ಅನ್ನ ಹಾಕಿದ್ದೇ ಹೊರತ್ ಕೊಂದದ್ದಲ್ಲ. ಪಾಪ ಇದ್ರೆ ಅದ್ ನಂದ್."

ಅತ್ತೆ ಕಣ್ಣು ಮುಚ್ಚಿದರು. ನಾನು ಬಾಗಿಲಲ್ಲಿ ನಿಂತು ಸೆರಗು ಕಚ್ಚಿಕೊಂಡಿದ್ದೆ. ಬೈಯುತ್ತಾರೆ, ಅಳುತ್ತಾರೆ ಎಂದುಕೊಂಡರೆ ಎರಡೂ ಇಲ್ಲ. ಗೋಡೆ ಹಿಡಿದು ಎದ್ದು, ನನ್ನ ಕಡೆ ತಿರುಗಿ, "ಹೆಣ್ಣೆ, ನಂಗ್ ಒಂಚೂರ್ ಗಂಜಿ ಮಾಡ್" ಎಂದರು. ಇವರು ದಡಕ್ಕನೆ ಎದ್ದು ಒಳಗೆ ಹೊರಟರು. ಅತ್ತೆ ದನಿ ಎತ್ತರಿಸದೆಯೇ, "ನೀನೇ ಮಾಡ್ ಹೆಣ್ಣೆ" ಎಂದರು. ಇವರು ಹೊಸ್ತಿಲಲ್ಲೇ ನಿಂತರು.

ಅತ್ತೆ ಬದುಕಿಕೊಂಡರು. ಈಗಲೂ ಇದ್ದಾರೆ. ಮಗನ ಜೊತೆ ಮಾತಾಡುತ್ತಾರೆ, ಪಂಚಾಂಗ ಓದಿಸಿಕೊಳ್ಳುತ್ತಾರೆ, ಹೊರಗೆ ಹೋದವನು ತಡವಾದರೆ ಕಿಟಕಿಯ ಹತ್ತಿರ ಕೂತು ಕಾಯುತ್ತಾರೆ. ಇವರು ಅಡ್ಯಾರಿನ ಕಡೆ ಮದುವೆ ಅಡುಗೆಯವರೊಬ್ಬರ ಹತ್ತಿರ ಕೂತು ಹೇಳಿಕೊಡುವ ಕೆಲಸಕ್ಕೆ ಹೋಗುತ್ತಾರೆ. ಹೊಂಡದ ಮಾತು ಮನೆಯಲ್ಲಿ ಯಾರೂ ಎತ್ತುವುದಿಲ್ಲ. ಅತ್ತೆಯ ಅನ್ನ ನಾನೇ ಮಾಡುತ್ತೇನೆ. ಒಂದು ದಿನ ಗಂಟಾಗುತ್ತದೆ, ಒಂದು ದಿನ ತಳ ಹಿಡಿಯುತ್ತದೆ, ಅವರು ತುಟಿ ಪಿಟಕ್ಕೆನ್ನದೆ ಉಣ್ಣುತ್ತಾರೆ.

ಮೊನ್ನೆ ಹಬ್ಬದ ದಿನ ಇವರು ಸ್ನಾನ ಮಾಡಿ, ಮಡಿ ಉಟ್ಟು, ಅಡುಗೆಮನೆಯ ಬಾಗಿಲಲ್ಲಿ ನಿಂತು ಮಕ್ಕಳ ಹಾಗೆ ಕೇಳಿದರು. "ಅಮ್ಮ, ಇವತ್ತೊಂದಿನ ಸಾರ್ ನಾನ್ ಮಾಡ್ಲಾ?"

ಅತ್ತೆ ಕೂತಲ್ಲಿಂದಲೇ ತುಂಬ ಮೆತ್ತಗೆ ಹೇಳಿದರು. "ಬೇಡ ಮಗಾ. ನಿನ್ ಸಾರ್ ನಂಗೀಗ ಖಾರ ಆತ್ತ್."

ತಾಯಿಗೆಂದು ಮಾಡುವ ಸಾರಿಗೆ ಇವರು ಒಂದು ದಿನವೂ ಮೆಣಸು ಹಾಕಿದವರಲ್ಲ.