ಚಕ್ರವರ್ತಿಯ ಮೀಸೆ

ಚಕ್ರವರ್ತಿಗಳು ಅಳಿಯುತ್ತಾರೆ, ಅವರ ಮುಖಗಳು ಮಾತ್ರ ಕಲೆಯಲ್ಲಿ ಶಾಶ್ವತವಾಗಿ ಉಳಿಯುತ್ತವೆ. ಗಂಭೀರವಾದ ಮಾತು, ಭಾಷಣಕ್ಕೆ ಬರುತ್ತದೆ. ನಮ್ಮ ಚಕ್ರವರ್ತಿಯ ವಿಷಯದಲ್ಲಿ ಉಳಿದದ್ದು ಮೀಸೆಯೊಂದೇ, ಅದೂ ಆತನದೇ ಎಂಬುದಕ್ಕೆ ಆಧಾರವಿಲ್ಲ.

ನಾನಾಗ ಗೋವಾದ ಕೊರ್ಲಿಮ್‌ನ ಕಾರ್ಖಾನೆಯೊಂದರಲ್ಲಿ ಉಗ್ರಾಣದ ಗುಮಾಸ್ತ. ಎರಡು ಸಾವಿರದ ಆರೋ ಏಳೋ ಇರಬೇಕು. ಆ ಕೈಗಾರಿಕಾ ವಸಾಹತಿನ ಸುತ್ತ ದುಡಿಯುತ್ತಿದ್ದ ಕನ್ನಡಿಗರಿಗೆ ಒಂದು ಸಂಘವಿತ್ತು. ನವೆಂಬರ್ ಬಂತೆಂದರೆ ಅದು ಕಣ್ಣು ಬಿಡುತ್ತಿತ್ತು, ರಾಜ್ಯೋತ್ಸವ ಮುಗಿದ ಮೇಲೆ ಮತ್ತೆ ಮುಚ್ಚುತ್ತಿತ್ತು. ನಾನು ಅದರ ಕಾರ್ಯದರ್ಶಿ. ಆ ಪದವಿಗೆ ನನಗಿದ್ದ ಅರ್ಹತೆಗಳು ಎರಡು: ಒಂದು ಕನ್ನಡಕ, ಒಂದು ದಪ್ಪನೆಯ ಸಚಿತ್ರ ಇತಿಹಾಸದ ಪುಸ್ತಕ. ಈ ಎರಡನ್ನೂ ಒಟ್ಟಿಗೆ ಕಂಡವರು ನನ್ನನ್ನು 'ಮಾಸ್ತರ' ಎಂದು ಕರೆಯುತ್ತಿದ್ದರು. ನಾನು ಯಾವ ಶಾಲೆಯಲ್ಲೂ ಪಾಠ ಮಾಡಿದವನಲ್ಲ.

ಅಲ್ಲಿಯವರೆಗೆ ನಮ್ಮ ವೇದಿಕೆಯ ಹಿಂದೆ ಒಂದು ನೀಲಿ ಚಾದರ, ಅದರ ಮೇಲೆ ರಟ್ಟಿನಿಂದ ಕತ್ತರಿಸಿದ ಕರ್ನಾಟಕದ ನಕಾಶೆ ಇರುತ್ತಿತ್ತು. ಆ ವರ್ಷ, ಊರೂರಲ್ಲಿ ಕಟ್ಟಡ ಕಟ್ಟಿಸುವ ಗುತ್ತಿಗೆದಾರರಾದ ನಮ್ಮ ಅಧ್ಯಕ್ಷರು ಬಾದಾಮಿಯ ಚಕ್ರವರ್ತಿಯ ಆಳೆತ್ತರದ ಚಿತ್ರವಿರುವ ಪರದೆ ಬೇಕೆಂದರು. ನಮ್ಮ ಸದಸ್ಯರಲ್ಲಿ ಅರ್ಧದಷ್ಟು ಬಾಗಲಕೋಟೆಯ ಕಡೆಯವರು. ಉತ್ತರದಿಂದ ಬಂದ ಬಲಾಢ್ಯ ಸಾಮ್ರಾಟನನ್ನು ನರ್ಮದೆಯ ದಡದಲ್ಲೇ ನಿಲ್ಲಿಸಿದ ಅರಸ ಅವರಿಗೆ ಹಿಡಿಸಿದ್ದರಲ್ಲಿ ಆಶ್ಚರ್ಯವಿಲ್ಲ. ದಿನಾ ಬೆಳಿಗ್ಗೆ ಕಾರ್ಖಾನೆಯ ಗೇಟಿನಲ್ಲಿ ಅವರನ್ನು ಯಾರಾದರೂ ತಡೆದು ನಿಲ್ಲಿಸುತ್ತಿದ್ದರು. ತಾನೇ ಇನ್ನೊಬ್ಬನನ್ನು ತಡೆದವನ ಬಗ್ಗೆ ಅವರಿಗೆ ಸಹಜವಾಗಿ ಗೌರವವಿತ್ತು.

ಪರದೆ ಬರೆಯಲು ಸಿಕ್ಕವನು ಬಾದಾಮಿಯವನೇ ಆದ ಬೋರ್ಡಿನ ಪೇಂಟರ್. ಮಳೆಗಾಲ ಮುಗಿದೊಡನೆ ಕಲಂಗುಟ್‌ನ ಸಮುದ್ರ ದಂಡೆಯ ಗುಡಿಸಲು ಹೋಟೆಲುಗಳಿಗೆ ಮೀನಿನ ಚಿತ್ರ ಬರೆಯುವುದು, ಉಳಿದ ದಿನ ಸಾಂಗೆಯ ಕಡೆ ಅದಿರಿನ ಲಾರಿಗಳ ಹಿಂಬದಿಯಲ್ಲಿ ಕಮಲ, ಹದ್ದು, ಮಾಲೀಕನ ಮಕ್ಕಳ ಹೆಸರು ಬರೆಯುವುದು ಅವನ ಉದ್ಯೋಗ. ಎರಡು ವರ್ಷದಿಂದ ಹೋಟೆಲಿನವರು ಫ್ಲೆಕ್ಸ್ ಹಾಕಿಸತೊಡಗಿದ್ದರು. ಅವನ ಮೀನುಗಳು ಒಂದೊಂದಾಗಿ ಕಾಣೆಯಾಗುತ್ತಿದ್ದವು. ಹೀಗಾಗಿ ನಮ್ಮ ಕಾರ್ಖಾನೆಯಲ್ಲಿ ಡ್ರಮ್ ಹೊರುವ ಕೆಲಸಕ್ಕೆ ಅವನ ಹೆಸರು ಹೇಳಿಸಿದ್ದೆ. ನವೆಂಬರ್ ಮುಗಿಯುವುದರೊಳಗೆ ಅವನು ಹೂಂ ಅಥವಾ ಊಹೂಂ ಹೇಳಬೇಕಿತ್ತು. ಪರದೆ ಒಪ್ಪಿಗೆಯಾದರೆ ತಮ್ಮ ಎಲ್ಲ ಕಟ್ಟಡಗಳ ಬೋರ್ಡುಗಳನ್ನೂ ಅವನಿಗೇ ಕೊಡುವುದಾಗಿ ಅಧ್ಯಕ್ಷರು ಮಾತು ಕೊಟ್ಟಿದ್ದರು.

"ಹಂಗಾತಂದ್ರ ಕುಂಚ ಹಿಡಕೊಂಡ ಇರತೇನ್ರಿ ಸರ," ಎಂದ. "ಡ್ರಮ್ ಹೊತ್ತ ಕೈ ಮತ್ತ ಗೆರಿ ಎಳಿಯಂಗಿಲ್ಲ. ನಡಗತೈತಿ."

ಮಾದರಿ ಒದಗಿಸುವ ಹೊಣೆ ನನ್ನದು. ಹದಿಮೂರು ಶತಮಾನಗಳ ಕಲಾಪರಂಪರೆಯನ್ನು ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿಕೊಂಡು ಹೋದೆ. ಶಾಲಾ ಪಠ್ಯದ ಹಾಳೆಯೊಂದರಲ್ಲಿ ಚಕ್ರವರ್ತಿ ಖಡ್ಗವನ್ನು ಸೀಮೆಸುಣ್ಣದಂತೆ ಹಿಡಿದಿದ್ದ. ಗೊಬ್ಬರದಂಗಡಿಯ ಕ್ಯಾಲೆಂಡರಿನಲ್ಲಿ ಗುಲಾಬಿ ಕೆನ್ನೆ, ಕಿವಿ ಮುಟ್ಟುವ ಮೀಸೆ. ಹಿಂದೆ ನರ್ಮದೆ ಈಜುಕೊಳದಷ್ಟು ನೀಲಿ. ಪತ್ರಿಕೆಯಿಂದ ಕತ್ತರಿಸಿದ ಸಿಮೆಂಟಿನ ಪ್ರತಿಮೆಯಲ್ಲಿ ಮೀಸೆ ಮಳೆಗೆ ಪಾಚಿ ಹಿಡಿದಿತ್ತು. ಹಳೆಯ ಸಿನಿಮಾ ಪೋಸ್ಟರಿನಲ್ಲಿ ಆತ ಆ ಕಾಲದ ಯಾವ ನಾಯಕನಟನಿಗೂ ಕಡಿಮೆಯಿಲ್ಲದಂತೆ ಪೌಡರ್ ಹಚ್ಚಿಕೊಂಡಿದ್ದ. ಎಲ್ಲಕ್ಕಿಂತ ಹಳೆಯದು ನನ್ನ ಪುಸ್ತಕದಲ್ಲಿತ್ತು: ಮಹಾರಾಷ್ಟ್ರದ ಗುಹೆಯೊಂದರ ಗೋಡೆಯ ಚಿತ್ರ, ಸಿಂಹಾಸನದಲ್ಲಿ ಕುಳಿತ ಅರಸ, ಎದುರು ಟೋಪಿ ಧರಿಸಿದ ಪರದೇಶಿ ರಾಯಭಾರಿಗಳು. ಗೋಡೆಯ ಬಣ್ಣ ಚಕ್ಕೆ ಎದ್ದಿದೆ. ಬ್ರಿಟಿಷರ ಕಾಲದಲ್ಲಿ ಅಂಥ ಚಿತ್ರಗಳಿಗೆ ಪ್ರತಿ ತೆಗೆದರು. ಬಹಳಷ್ಟು ಪ್ರತಿಗಳು ಸುಟ್ಟುಹೋದವು. ಉಳಿದವುಗಳಿಂದ ಮತ್ತೆ ಪ್ರತಿ ತೆಗೆದರು. ನನ್ನ ಕೈಗೆ ಬಂದದ್ದು ಇದೆಲ್ಲದರ ಕಪ್ಪುಬಿಳುಪು ಅಚ್ಚು. ಅದರಲ್ಲಿ ಅರಸನಿಗೆ ಮೀಸೆಯೇ ಇರಲಿಲ್ಲ. ಶತಮಾನ ಕಳೆದಂತೆ ಅದು ಬೆಳೆಯುತ್ತ ಬಂದಿತ್ತು.

ಹಳೆಯದೇ ಪ್ರಮಾಣ ಎಂದು ನಾನು ತೀರ್ಪು ಕೊಟ್ಟೆ. ಪೇಂಟರ್ ಚಿತ್ರದ ಮೇಲೆ ಪೆನ್ಸಿಲಿನಿಂದ ಚೌಕಗಳನ್ನು ಹಾಕಿ, ಅಷ್ಟೇ ಚೌಕಗಳನ್ನು ದೊಡ್ಡದಾಗಿ ಬಟ್ಟೆಯ ಮೇಲೆ ಹಾಕಿ, ಅಧ್ಯಕ್ಷರದೇ ಒಂದು ಅರೆಕಟ್ಟಿದ ಕಟ್ಟಡದಲ್ಲಿ ಹತ್ತು ದಿನ ಬರೆದ. ಅಚ್ಚಿನಲ್ಲಿ ಕಿವಿ ಅಳಿಸಿಹೋಗಿತ್ತು. "ಕಿವಿ ನಮ್ಮೂರ ಗುಡ್ಡದಾಗಿನ ಗವಿಯೊಳಗ ಹಾವಿನ ಮ್ಯಾಲೆ ಕುಂತ ವಿಷ್ಣುಂದ್ರಿ," ಎಂದ. "ಸಣ್ಣಾವಿದ್ದಾಗಿಂದ ನೋಡೇನಿ. ಕಿರೀಟಾನೂ ಅಂವಂದ." ಮೀನಿನ ಚಿತ್ರಕ್ಕೆ ಇಷ್ಟು ಯೋಚಿಸುತ್ತಿದ್ದನೋ ಇಲ್ಲವೋ ನಾನು ಕೇಳಲಿಲ್ಲ. ಮುಖವಂತೂ ಚೆನ್ನಾಗಿ ಬಂದಿತ್ತು: ಕಪ್ಪು ಮೈ, ಅರೆಮುಚ್ಚಿದ ಕಣ್ಣು, ಯಾರ ಅಹವಾಲನ್ನೋ ಪೂರ್ತಿ ಕೇಳಿಸಿಕೊಳ್ಳುತ್ತಿರುವವನ ತಾಳ್ಮೆ.

ಹಬ್ಬಕ್ಕೆ ಎರಡು ದಿನವಿರುವಾಗ ಅಧ್ಯಕ್ಷರು ಪರಿಶೀಲನೆಗೆ ಬಂದರು. ಜೊತೆಗೆ ಪರದೆ ಸಾಗಿಸಬೇಕಾಗಿದ್ದ ಟೆಂಪೋದವರು, ವಿಜಯಪುರದ ಕಡೆಯ ಹಿರಿಯರು, ಎಲ್ಲರಿಗೂ ಚಾಚಾ.

"ಮೀಸಿ ಎಲ್ಲಿ ಹೋತು?" ಎಂದರು ಅಧ್ಯಕ್ಷರು.

"ಹೋಗಿಲ್ರಿ. ಇದ್ದಿದ್ದಿಲ್ಲ," ಎಂದ ಪೇಂಟರ್.

"ಮೀಸಿ ಇಲ್ದ ನರ್ಮದಾ ತನಕ ಹೋಗಿದ್ನೇನು?"

"ಕುದರಿ ಮ್ಯಾಲೆ ಹೋಗಿರಬೇಕ್ರಿ."

"ಅಧ್ಯಕ್ಷರ, ನನ್ನ ಟೆಂಪೋಕ್ಕೂ ಮೀಸಿ ಇಲ್ಲ," ಎಂದರು ಚಾಚಾ. "ವಾರಕ್ಕೆರಡ ಸಲ ಬೆಳಗಾವಿ ಮುಟ್ಟಿ ಬರತೈತಿ."

"ನೀ ಸುಮ್ನಿರು ಚಾಚಾ. ಮಂದಿ ಏನಂದಾರು? ಕಲಂಗುಟ್ ಹೋಟೆಲ್‌ನ ವೇಟರ್‌ನ ಕರಕೊಂಡ ಬಂದು ಕಿರೀಟ ಇಟ್ಟಾರ ಅಂದಾರು. ಮಾಸ್ತರ, ನೀವರೆ ಹೇಳ್ರಿ."

ನಾನು ಗಂಟಲು ಸರಿಪಡಿಸಿಕೊಂಡು, ಲಭ್ಯವಿರುವ ಅತ್ಯಂತ ಪ್ರಾಚೀನ ಸಾಕ್ಷ್ಯದಲ್ಲಿ ಮೀಸೆ ಕಂಡುಬರುವುದಿಲ್ಲ ಎಂದೆ.

"ನಾ ಸಾಕ್ಷಿ ಕೇಳಿಲ್ರಿ, ಮೀಸಿ ಕೇಳೇನಿ," ಎಂದರು ಅಧ್ಯಕ್ಷರು. ಪೇಂಟರ್‌ನತ್ತ ತಿರುಗಿ, "ನಾಳಿ ಸಂಜಿ ಅನ್ನೋದ್ರಾಗ ಮೀಸಿ ಬರಬೇಕು ತಮ್ಮಾ. ಇಲ್ಲಂದ್ರ ಮಾಪ್ಸಾದಾಗ ಫ್ಲೆಕ್ಸ್ ಹೊಡಸ್ತೇನಿ. ಬೋರ್ಡಿನ ಮಾತೂ ಅಲ್ಲಿಗೇ ಮುಗೀತು," ಎಂದು ಹೋದರು.

ವಾದಕ್ಕೆ ಬಲ ಬೇಕೆಂದು ಮನೆಗೆ ಹೋಗಿ ಪುಸ್ತಕ ತೆರೆದೆ. ಚಿತ್ರದ ಪುಟದ ಕೆಳಗೆ ಸಣ್ಣಕ್ಷರದ ಒಂದು ಟಿಪ್ಪಣಿಯಿತ್ತು. ಹತ್ತು ವರ್ಷದಿಂದ ಪುಸ್ತಕ ನನ್ನಲ್ಲಿದ್ದರೂ ಅದನ್ನು ಓದಿರಲಿಲ್ಲ. ಗುಹೆಯ ಅರಸ ಬಾದಾಮಿಯ ಚಕ್ರವರ್ತಿಯೇ ಎಂದು ಮೊದಲು ಹೇಳುತ್ತಿದ್ದರು, ಈಗಿನ ವಿದ್ವಾಂಸರು ಅದನ್ನು ಒಪ್ಪುವುದಿಲ್ಲ ಎಂದು ಅದರ ತಾತ್ಪರ್ಯ. ಒಬ್ಬ ಮನುಷ್ಯನ ಅನ್ನವನ್ನು ನಾನು ಯಾರದೋ ಮುಖದ ಮೇಲೆ ಪಣಕ್ಕಿಟ್ಟಿದ್ದೆ.

ಮರುದಿನ ಬೆಳಿಗ್ಗೆ ಹೋಗಿ ಪೇಂಟರ್‌ಗೆ ತಿಳಿಸಿದೆ. ಅವನು ಬಣ್ಣ ಕಲೆಸುತ್ತಿದ್ದ.

"ಹಂಗಾರ ಇಂವ ಯಾರ್ರಿ ಸರ?"

"ಗೊತ್ತಿಲ್ಲ."

"ಯಾರಿಗೂ?"

"ಯಾರಿಗೂ."

ಪರದೆಯತ್ತ ತಿರುಗಿದ. "ಕಿವಿಯರೆ ನಮ್ಮೂರಂದ ಐತಿ, ಸಾಕ್ರಿ," ಎಂದ.

ಅವನು ಕಲೆಸುತ್ತಿದ್ದುದು ಪುಡಿ ಬಣ್ಣ ಮತ್ತು ಅಂಟು. ಮುಖವನ್ನೆಲ್ಲ ಆಯಿಲ್ ಪೇಂಟಿನಲ್ಲಿ ಬರೆದಿದ್ದ. ಮೀಸೆಯನ್ನು ಮಾತ್ರ ನೀರಿನ ಬಣ್ಣದಲ್ಲಿ ಬರೆಯಲು ಹೊರಟಿದ್ದ. ಲಾರಿ ಮಾಲೀಕರು ಮೊದಲು ಒಂದು ಹೆಸರು ಬರೆಸಿ, ಹೆಂಡತಿಯನ್ನು ಕೇಳಿ ಇನ್ನೊಂದು ಹೆಸರು ಹೇಳುತ್ತಾರಂತೆ. ಅಂಥವರಿಗೆ ಹೀಗೆಯೇ ಬರೆದು ತೋರಿಸುವುದು ಪೇಂಟರ್‌ಗಳ ರೂಢಿ. ಬೇಡವಾದರೆ ಒದ್ದೆ ಬಟ್ಟೆಯಲ್ಲಿ ಒರೆಸಿದರಾಯಿತು.

"ಅವರ ಹಬ್ಬ ಮುಗೀಲಿ," ಎಂದ. "ಒರಸ್ತೇನಿ." ಕಿವಿಯವರೆಗೆ ಹೋಗುವ ಮೀಸೆ ಐದು ನಿಮಿಷದಲ್ಲಿ ಬಂತು. ಅಧ್ಯಕ್ಷರು ಸಂಜೆ ನೋಡಿ, ಈಗ ಇವನು ಯಾರನ್ನಾದರೂ ಸೋಲಿಸಬಲ್ಲ ಎಂದು ಒಪ್ಪಿದರು.

ಕಾರ್ಯಕ್ರಮ ಮಧ್ಯಾಹ್ನ, ವಸಾಹತಿನ ಹಿಂದಿನ ಬಯಲಿನಲ್ಲಿ. ಭುವನೇಶ್ವರಿಯ ಚಿತ್ರಕ್ಕೆ ಪೂಜೆಯಾಯಿತು. ಪರದೆಗೂ ಒಂದು ಕಾಯಿ ಒಡೆಯಬೇಕೆಂದು ಅಧ್ಯಕ್ಷರಿಗೆ ಆ ಗಳಿಗೆಯಲ್ಲಿ ತೋಚಿತು. ಪರದೆಯ ಬುಡದಲ್ಲಿದ್ದ ಕಲ್ಲಿಗೆ ಕಟ್ಟಡ ಕಟ್ಟಿಸುವವರ ಬಲದಿಂದಲೇ ಅಪ್ಪಳಿಸಿದರು. ಕಾಯಿಯ ನೀರು ಮೇಲಕ್ಕೆ ಹಾರಿ ಚಕ್ರವರ್ತಿಯ ಎಡ ಕೆನ್ನೆಗೆ ಬಡಿಯಿತು. ಎಡ ಮೀಸೆ ನಿಧಾನವಾಗಿ ಗದ್ದದ ಮೇಲೆ ಇಳಿಯತೊಡಗಿತು. ಅಧ್ಯಕ್ಷರು ಹೆಗಲ ಮೇಲಿನ ವಸ್ತ್ರದಿಂದ ಒರೆಸಿದರು. ಗಾಬರಿಯಲ್ಲಿ ಬಲಗಡೆಯದನ್ನೂ ಒರೆಸಿದರು. ಮಸಿ ಹತ್ತಿದ ವಸ್ತ್ರ ಹಿಡಿದು ಅವರು ಜನರತ್ತ ತಿರುಗಿದರು.

ಅವರದೇ ಕಟ್ಟಡಗಳಲ್ಲಿ ಗಾರೆ ಹೊರುವ ಹೆಂಗಸೊಬ್ಬಳು ಮುಂದಿನ ಸಾಲಿನಲ್ಲಿದ್ದಳು. ಪಕ್ಕದವಳಿಗೆ ಹೇಳಿದ್ದು ಎಲ್ಲರಿಗೂ ಕೇಳಿಸಿತು: "ಈಗ ನೋಡವ್ವಾ, ನಮ್ಮ ಕಡೆ ಮನಷ್ಯಾ ಕಂಡಂಗ ಕಾಣ್ತಾನ."

ಜನ ನಕ್ಕರು. ಅಧ್ಯಕ್ಷರೂ ನಕ್ಕರು, ತುಸು ತಡವಾಗಿ.

ಮರುದಿನ ಸಭೆ. ತಿಂಗಳ ಕೊನೆಗೆ ಸಾಂಗೆಯಲ್ಲಿ ನಡೆಯಲಿರುವ ಸಂಘದ ಇನ್ನೊಂದು ರಾಜ್ಯೋತ್ಸವ ಕಾರ್ಯಕ್ರಮಕ್ಕೆ ಫ್ಲೆಕ್ಸ್ ಎಂದು ತೀರ್ಮಾನವಾಯಿತು. ವಿರೋಧಿಸಿದವರು ನಾನು ಮತ್ತು ಚಾಚಾ. ಕಟ್ಟಡದ ಬೋರ್ಡುಗಳ ಮಾತನ್ನು ಯಾರೂ ಎತ್ತಲಿಲ್ಲ. ಪೇಂಟರ್ ನನ್ನ ಬಳಿ ಬಂದು ಡ್ರಮ್ಮಿನ ಕೆಲಸ ಎಷ್ಟು ಗಂಟೆಗೆ ಶುರುವಾಗುತ್ತದೆ ಎಂದು ಕೇಳಿದ. ಏಳಕ್ಕೆ ಎಂದೆ.

ಮಾಪ್ಸಾದ ಅಂಗಡಿಯಲ್ಲಿ ಅನಿರೀಕ್ಷಿತ ತೊಡಕೊಂದು ಎದುರಾಯಿತು. ಫ್ಲೆಕ್ಸಿಗೂ ಒಂದು ಮಾದರಿ ಬೇಕು. ಅಧ್ಯಕ್ಷರು ಕೊಟ್ಟ ಕ್ಯಾಲೆಂಡರಿನ ಚಕ್ರವರ್ತಿಯನ್ನು ಆಳೆತ್ತರಕ್ಕೆ ಹಿಗ್ಗಿಸಿದಾಗ ಮೂಗು ಬಚ್ಚಲಿನ ಟೈಲ್ಸಿನಂತೆ ಚೌಕ ಚೌಕವಾಯಿತು. ಕೊನೆಗೆ ಪರದೆಯನ್ನೇ ಚಾಚಾನ ಟೆಂಪೋದಲ್ಲಿ ಒಯ್ದು ಫೋಟೋ ಹೊಡೆಸಬೇಕಾಯಿತು. ಹಾಗೆ ಪ್ರತಿಯ ಪ್ರತಿಗೆ ಇನ್ನೊಂದು ಪ್ರತಿಯಾಯಿತು. ಮೀಸೆಯನ್ನು ಕಂಪ್ಯೂಟರಿನಲ್ಲಿ ಹಚ್ಚಿದರು. ಅದು ಕಾಯಿಯ ನೀರಿಗೆ ಹೋಗುವಂಥದ್ದಲ್ಲ. ಪರದೆ ಹಿಡಿದು ನಿಲ್ಲಲು ಹೋಗಿದ್ದ ಪೇಂಟರ್‌ಗೆ ಅಲ್ಲಿ ಇನ್ನೊಂದು ಕೆಲಸ ಬಿತ್ತು. ಅಂಗಡಿಯ ಯಂತ್ರದಲ್ಲಿ ಕನ್ನಡದ ಒತ್ತಕ್ಷರಗಳು ಒಂದೊಂದು ದಿಕ್ಕಿಗೆ ಚದುರುತ್ತಿದ್ದವು. ಅವನು ಸಂಘದ ಹೆಸರನ್ನು ಕಾಗದದ ಮೇಲೆ ಕೈಯಿಂದ ಬರೆದುಕೊಟ್ಟ, ಅದನ್ನೇ ಸ್ಕ್ಯಾನ್ ಮಾಡಿದರು. ಕನ್ನಡದ ಗಿರಾಕಿಗಳನ್ನು ಅದುವರೆಗೆ ವಾಪಸು ಕಳಿಸುತ್ತಿದ್ದ ಮಾಲೀಕ, ಇವನ ಊರು, ಸಂಬಳದ ನಿರೀಕ್ಷೆ ಎರಡನ್ನೂ ವಿಚಾರಿಸಿದ.

ಸಾಂಗೆಯಲ್ಲಿ ಫ್ಲೆಕ್ಸ್ ಕಟ್ಟಿದರು. ಪರದೆ ಟೆಂಪೋದಲ್ಲೇ ಉಳಿಯಿತು. ಪೇಂಟರ್ ಡ್ರಮ್ಮಿನ ಕೆಲಸಕ್ಕೆ ಬರಲಿಲ್ಲ. ಡಿಸೆಂಬರಿನಿಂದ ಮಾಪ್ಸಾದ ಆ ಅಂಗಡಿಗೆ ಸೇರಿದ.