ಯಾದವಗಿರಿಯಲ್ಲಿ ಗೇಣೆತ್ತರ ನಿಂತ ಮ್ಯಾಗ್ನೆಟ್

ಕೊರೊನಾ ಕಳೆದು ಎರಡನೇ ವರ್ಷ. ಮೈಸೂರಿನ ಒಂದು ಖಾಸಗಿ ಕ್ರೇನ್ ಕಂಪನಿಯಲ್ಲಿ ನಾನು ಲಿಫ್ಟಿಂಗ್ ಸೂಪರ್‌ವೈಸರ್ ಆಗಿದ್ದೆ. ಭಾರದ ಯಂತ್ರಗಳನ್ನು ಹೇಗೆ ಎತ್ತಬೇಕು, ಆ ಹೊತ್ತಿಗೆ ಯಾರು ಎಲ್ಲಿ ನಿಂತಿರಬೇಕು ಎಂದು ನಿರ್ಧರಿಸುವುದು ನನ್ನ ಕೆಲಸ. ಇಲವಾಲದ ಕಡೆಯ ಕಾರ್ಖಾನೆಗಳಲ್ಲಿ ಬಾಯ್ಲರು, ಟ್ರಾನ್ಸ್‌ಫಾರ್ಮರು ಇಳಿಸಿ ಅಭ್ಯಾಸವಾಗಿತ್ತು. ಆದರೆ ಯಾದವಗಿರಿಯ ಸಣ್ಣ ಆಸ್ಪತ್ರೆಯೊಂದರ ಮೊದಲ ಮಹಡಿಗೆ ಎಂ.ಆರ್.ಐ. ಮ್ಯಾಗ್ನೆಟ್ ಸೇರಿಸುವ ಕೆಲಸ ಬಂದಾಗ ನನ್ನ ಹುರುಪು ಹೇಳತೀರದು. ಊಟದ ಮೇಜಿನ ಮೇಲೆ ಲೋಟ, ಸೌಟುಗಳನ್ನೇ ಕ್ರೇನು, ಲಾರಿ ಮಾಡಿಕೊಂಡು ಜೋಡಿಸಿ ನೋಡುತ್ತಿದ್ದೆ.

ಸ್ಕ್ಯಾನಿಂಗ್‌ಗೆ ರೋಗಿ ಒಳಗೆ ಮಲಗುತ್ತಾರಲ್ಲ, ಆ ದೊಡ್ಡ ಬಳೆಯಂಥ ಭಾಗವೇ ಮ್ಯಾಗ್ನೆಟ್. ತೂಕ ಸುಮಾರು ನಾಲ್ಕೂವರೆ ಟನ್. ಒಳಗೆ ದ್ರವ ಹೀಲಿಯಂ. ಜೋರಾಗಿ ಕುಕ್ಕಿದರೆ ಕೆಟ್ಟಂತೆಯೇ. ಮೆಟ್ಟಿಲಲ್ಲಿ ಹೋಗುವ ವಸ್ತುವಲ್ಲವಾದ್ದರಿಂದ ಮಹಡಿಯ ಗೋಡೆಯನ್ನೇ ಒಡೆಸಿ, ಅದರ ಮುಂದೆ ಕಬ್ಬಿಣದ ಅಟ್ಟಣೆ ಕಟ್ಟಿಸಿದ್ದೆವು. ಒಳಗೆ ತಳ್ಳುವಾಗ ಎರಡೂ ಪಕ್ಕ ಉಳಿಯುವ ಸಂದು ಒಂದೊಂದು ಅಂಗೈ ಅಗಲ.

ಬೆಳಿಗ್ಗೆ ರಸ್ತೆ ಮುಚ್ಚಿಸಿ ಕ್ರೇನ್ ನಿಲ್ಲಿಸಿದೆವು. ಅಕ್ಕಪಕ್ಕದ ಬಂಗಲೆಯವರು ಕಾಫಿ ಲೋಟ ಹಿಡಿದು ಕಾಂಪೌಂಡಿನ ಬಳಿ ಬಂದು ನಿಂತರು. ಕ್ರೇನ್ ನಡೆಸುತ್ತಿದ್ದವರು ಸಿದ್ದರಾಜು, ನನಗಿಂತ ಹಿರಿಯರು, ಮಾತು ಕಡಿಮೆ. ಭಾರ ಗಿರಕಿ ಹೊಡೆಯದಂತೆ ದೂರದಿಂದ ಹಗ್ಗ ಹಿಡಿದಿದ್ದವನು ಮಹೇಶ, ಹತ್ತಾರು ವರ್ಷ ಇದೇ ಕೆಲಸದಲ್ಲಿ ಪಳಗಿದವನು.

ಯಾವ ಭಾರವನ್ನೂ ನಾವು ಒಂದೇ ಸಲಕ್ಕೆ ಮೇಲಕ್ಕೆ ಒಯ್ಯುವುದಿಲ್ಲ. ಲಾರಿಯ ಮೇಲೆಯೇ ಒಂದು ಗೇಣು ಎತ್ತಿ, ಹಾಗೇ ನಿಲ್ಲಿಸಿ ನೋಡುತ್ತೇವೆ. ಇದು ಟ್ರಯಲ್ ಲಿಫ್ಟ್. ಮ್ಯಾಗ್ನೆಟ್ ನಿಧಾನವಾಗಿ ಎದ್ದು ನಿಂತಾಗ ಜನ ಚಪ್ಪಾಳೆ ತಟ್ಟಿದರು. ಆಸ್ಪತ್ರೆಯ ಡಾ. ವಾಸುದೇವ್ ಅವರಿಗೆ ತಡೆಯಲಾಗಲಿಲ್ಲ.

“ಎದ್ದಾಯ್ತಲ್ಲ ಮೇಡಂ, ಇನ್ನೇನು ಕಾಯೋದು?”

ನಾನು ಉತ್ತರ ಕೊಡುವ ಮೊದಲೇ ಸಿದ್ದರಾಜು ಕ್ಯಾಬಿನ್ನಿಂದ ಕೂಗಿದರು. “ಎಡಗಾಲು ಕುಸೀತಾ ಅದೆ ಮೇಡಂ.”

ಅವರು ಹೇಳಿದ್ದು ಔಟ್‌ರಿಗರ್ ವಿಷಯ. ಕ್ರೇನ್ ವಾಲದಂತೆ ನಾಲ್ಕು ಮೂಲೆಗೆ ಚಾಚಿ ನೆಲಕ್ಕೆ ಊರುವ ಕಬ್ಬಿಣದ ಕಾಲುಗಳವು. ಎಡಗಡೆಯದರ ಕೆಳಗೆ ಹಾಸಿದ್ದ ಮರದ ದಿಮ್ಮಿಗಳು ಮಣ್ಣಿನೊಳಗೆ ಇಳಿಯುತ್ತಿದ್ದವು. ಕ್ರೇನ್ ಓರೆಯಾಯಿತು, ಮ್ಯಾಗ್ನೆಟ್ ತೂಗತೊಡಗಿತು. ಅಷ್ಟರಲ್ಲಿ ಮಹೇಶ ಹಗ್ಗ ಬಿಟ್ಟು ಲಾರಿ ಹತ್ತಿಬಿಟ್ಟಿದ್ದ. ಮ್ಯಾಗ್ನೆಟ್ಟಿಗೂ ಲಾರಿಯ ಮುಂಗೋಡೆಗೂ ನಡುವೆ ನಿಂತು, ಎರಡೂ ಕೈ ಕೊಟ್ಟು ಅದನ್ನು ತಡೆಯುತ್ತಿದ್ದ. ಅವನು ಅಲ್ಲಿರುವ ತನಕ ಸಿದ್ದರಾಜು ಭಾರ ಇಳಿಸುವಂತಿರಲಿಲ್ಲ. ಇಳಿಸದಿದ್ದರೆ ಕ್ರೇನೇ ಮಗುಚುತ್ತಿತ್ತು.

“ಮಹೇಶ, ಕೈ ತೆಗಿ. ಇಳಿ ಕೆಳಗೆ.”

“ಬುಟ್ರೆ ಒಂಟೋಯ್ತದೆ ಮೇಡಂ.”

“ಹೋಗ್ಲಿ ಬಿಡು. ನೀನು ಇಳಿ.”

ಅವನು ಒಮ್ಮೆ ನನ್ನ ಮುಖ ನೋಡಿದ; ಮರುಕ್ಷಣ ಪಕ್ಕಕ್ಕೆ ಹಾರಿದ. ಸಿದ್ದರಾಜು ಕಾದಿದ್ದವರಂತೆ ಲಿವರ್ ಸರಿಸಿದರು. ತೂಗುತ್ತಿದ್ದ ಮ್ಯಾಗ್ನೆಟ್ ಮುಂಗೋಡೆಯನ್ನು ಸವರಿಕೊಂಡು, ಅವನು ನಿಂತಿದ್ದ ಜಾಗಕ್ಕೇ ಸರಿದು ಕುಳಿತಿತು. ಎತ್ತರ ಒಂದೇ ಗೇಣಿದ್ದುದರಿಂದ ಅದಕ್ಕೆ ಪೆಟ್ಟಾಗಲಿಲ್ಲ.

ನೆಲ ಅಗೆಸಿದಾಗ ಹಳೆಯ ಇಂಗುಗುಂಡಿಯೊಂದು ಸಿಕ್ಕಿತು. ಯಾವ ನಕ್ಷೆಯಲ್ಲೂ ಅದು ಇರಲಿಲ್ಲ. ಕೆಲಸವನ್ನು ಮಾರನೆಯ ದಿನಕ್ಕೆ ಹಾಕಿ, ಕ್ರೇನನ್ನು ಆಚೆ ಬದಿಗೆ ತಂದು, ನೆಲ ಪರೀಕ್ಷಿಸಿ ಕಬ್ಬಿಣದ ತಗಡು ಹಾಸಿದೆವು. ಅಂದು ಸಂಜೆ ಚಹಾ ಕುಡಿಯುವಾಗ ಮಹೇಶ ನನ್ನ ಪಕ್ಕ ಬಂದು ಕುಳಿತ. ಅಷ್ಟು ದೊಡ್ಡ ಯಂತ್ರ ಬಿದ್ದುಹೋಗುತ್ತದಲ್ಲ ಎಂದು ಕೈ ತಾನಾಗಿಯೇ ಹೋಯಿತು ಎಂದ. ನಾಲ್ಕೂವರೆ ಟನ್ನಿನ ಮುಂದೆ ನಮ್ಮ ನಿಮ್ಮ ಕೈ ಲೆಕ್ಕಕ್ಕೇ ಇಲ್ಲವೆಂದೆ. ಏನಾದರೂ ತಪ್ಪು ಕಂಡರೆ ಭಾರಕ್ಕೆ ಕೈ ಕೊಡದೆ, ಮುಷ್ಟಿ ಎತ್ತಿ ಹಿಡಿಯಲು ಹೇಳಿದೆ. ನಮ್ಮ ಸನ್ನೆಯಲ್ಲಿ ಅದರ ಅರ್ಥ ‘ನಿಲ್ಲಿಸು’. ಆಮೇಲೆ ತಪ್ಪೇನೂ ಇರಲಿಲ್ಲವೆಂದು ತಿಳಿದರೂ ಯಾರೂ ಬಯ್ಯುವುದಿಲ್ಲ ಎಂದೂ ಸೇರಿಸಿದೆ.

ಮಾರನೆಯ ದಿನ ಮ್ಯಾಗ್ನೆಟ್ ತಲೆಯ ಮೇಲಕ್ಕೆ ಏರಿ, ಮರದ ಕೊಂಬೆಗಳನ್ನು ದಾಟಿ, ಅಟ್ಟಣೆಯತ್ತ ತೇಲಿತು. ಎಂಥ ನೋಟ ಅದು! ಇನ್ನೊಂದು ಮಾರು ಉಳಿದಿದೆ ಎನ್ನುವಾಗ ಮಹೇಶನ ಮುಷ್ಟಿ ಮೇಲೆದ್ದಿತು. ಸಿದ್ದರಾಜು ನನ್ನತ್ತ ನೋಡಲೂ ಇಲ್ಲ, ತಕ್ಷಣ ನಿಲ್ಲಿಸಿದರು. ನಾನಿದ್ದ ಕಡೆಯಿಂದ ಏನೂ ಕಾಣುತ್ತಿರಲಿಲ್ಲ. ಅವನ ಕಣ್ಣು ಹೋದತ್ತ ಹೋಗಿ ನೋಡಿದರೆ, ನರ್ಸ್ ಒಬ್ಬಳು ಅಟ್ಟಣೆಯ ತುದಿಗೆ ಬಂದು ಮೊಬೈಲಿನಲ್ಲಿ ವಿಡಿಯೊ ಮಾಡುತ್ತಿದ್ದಳು. ಅವಳು ಒಳಗೆ ಹೋದ ಮೇಲೆ ನಾನು ಸನ್ನೆ ಕೊಟ್ಟೆ. ಮ್ಯಾಗ್ನೆಟ್ ಸದ್ದಿಲ್ಲದೆ ಅಟ್ಟಣೆಗೆ ಇಳಿಯಿತು. ಈ ಸಲ ಚಪ್ಪಾಳೆ ಶುರುಮಾಡಿದವರು ಡಾಕ್ಟರು.

ಭಾರ ಎತ್ತುವಾಗ ‘ಎತ್ತು’ ಎನ್ನಲು ಒಬ್ಬರೇ ಇರಬೇಕು. ‘ನಿಲ್ಲಿಸು’ ಎನ್ನುವ ಅಧಿಕಾರ ಮಾತ್ರ ಅಲ್ಲಿರುವ ಎಲ್ಲರಿಗೂ ಬೇಕು. ನಿಯಮವಾಗಿ ಇದನ್ನು ನಾನು ಎಷ್ಟೋ ಕಡೆ ಪಾಠ ಮಾಡಿದ್ದೆ. ಆದರೆ ಹಾಗೆ ನಿಲ್ಲಿಸುವ ಧೈರ್ಯ ಜನರಿಗೆ ಬರುವುದು, ನಿಲ್ಲಿಸಿದವರನ್ನು ಯಾರೂ ಗದರದೆ ಇದ್ದಾಗ ಎಂಬುದು ನನಗೆ ತಿಳಿದದ್ದು ಆ ಎರಡು ದಿನಗಳಲ್ಲಿ.